ಜ್ವರಕ್ಕೂ ಲಸಿಕೆಗೂ ದಿನಗಳ ಲೆಕ್ಕವಿದೆ: ಮಾಡಬೇಕಾದ್ದು, ಮಾಡಬಾರದ್ದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಎಲ್ಲ ಮನೆಗಳಿಗೆ

ಎಳೆ ಮಕ್ಕಳ ತಾಯಂದಿರು, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರು, ಗುಳೆ ಹೋಗುವ ಕುಟುಂಬಗಳ ಹಿರಿಯರು, ಅಡಿಕೆ ತೋಟದವರು, ಔಷಧಿ ಅಂಗಡಿಯವರು, ಗ್ರಾಮ ಪಂಚಾಯಿತಿ ಸದಸ್ಯರು, ಎಲ್ಲರೂ ಇದನ್ನು ಓದಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು.

ವೈರಸ್ಸಿನಿಂದ ಬರುವ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಡೆಂಗಿಗೆ ಇಲ್ಲ, ದಡಾರಕ್ಕೆ ಇಲ್ಲ, ಲಕ್ಷಣ ಕಾಣಿಸಿಕೊಂಡ ಮೇಲೆ ಹುಚ್ಚುನಾಯಿ ರೋಗಕ್ಕಂತೂ ಇಲ್ಲವೇ ಇಲ್ಲ. ಕಾಯುವುದು ನಮ್ಮ ದೇಹದ ರೋಗನಿರೋಧಕ ಶಕ್ತಿ. ಅದು ಒಂದು ಕ್ರಮದಲ್ಲಿ, ಇಂತಿಷ್ಟು ದಿನಗಳಲ್ಲಿ ಕೆಲಸ ಮಾಡುತ್ತದೆ. ಆ ದಿನಗಳ ಲೆಕ್ಕ ತಪ್ಪಿಸಿದರೆ ಜೀವಕ್ಕೆ ಅಪಾಯ. ಕೆಳಗಿನ ಪ್ರತಿ ನಿಯಮಕ್ಕೂ ಕಾರಣ ಕೊಟ್ಟಿದೆ. ಕಾರಣ ತಿಳಿದವರು ನಿಯಮ ಮುರಿಯುವುದಿಲ್ಲ ಎಂಬ ನಂಬಿಕೆಯಿಂದ ಇದನ್ನು ಬರೆದಿದೆ.

ಮೊದಲು ತಿಳಿದಿರಬೇಕಾದ್ದು: ವೈರಸ್ ಬಂದಾಗ ದೇಹ ಮಾಡುವ ಕೆಲಸ

ವೈರಸ್ ತಾನಾಗಿ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ಹೊಕ್ಕು, ಅಲ್ಲಿರುವುದನ್ನೇ ಬಳಸಿಕೊಂಡು ತನ್ನಂಥವನ್ನು ಸಾವಿರಗಟ್ಟಲೆ ಹುಟ್ಟಿಸುತ್ತದೆ. ಹೊಕ್ಕ ಕೆಲವೇ ಗಂಟೆಗಳಲ್ಲಿ ಆ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅಕ್ಕಪಕ್ಕದ ಕೋಶಗಳು ಎಚ್ಚೆತ್ತು, ವೈರಸ್ ತಮ್ಮೊಳಗೆ ಹೆಚ್ಚದಂತೆ ತಡೆಯಲು ಅಣಿಯಾಗುತ್ತವೆ. ರಕ್ತದಲ್ಲಿರುವ ಬಿಳಿ ಕಣಗಳು ಆ ಜಾಗಕ್ಕೆ ಸೇರುತ್ತವೆ. ಅವು ಹೊರಬಿಡುವ ರಾಸಾಯನಿಕಗಳು ಮೆದುಳಿಗೆ ಮುಟ್ಟಿ ದೇಹದ ಬಿಸಿ ಏರುತ್ತದೆ, ಮೈಕೈ ನೋಯುತ್ತದೆ, ಊಟ ಬೇಡವಾಗುತ್ತದೆ. ಎಂದರೆ ಜ್ವರವನ್ನು ತರುವುದು ದೇಹವೇ. ಇದು ಮೊದಲ ಹಂತ. ಯಾವ ವೈರಸ್ ಬಂದರೂ ಈ ಹಂತ ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತದೆ. ಆದ್ದರಿಂದಲೇ ಮೊದಲ ದಿನದ ಜ್ವರ ನೋಡಿ ಇದು ಇಂಥದೇ ಕಾಯಿಲೆ ಎಂದು ಹೇಳುವುದು ಕಷ್ಟ.

ಎರಡನೆಯ ಹಂತ ನಿಧಾನದ್ದು. ಬಂದಿರುವ ವೈರಸ್ಸಿನ ಗುರುತು ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿರುವ ದುಗ್ಧಗ್ರಂಥಿಗಳಿಗೆ ತಲುಪುತ್ತದೆ. ಅಲ್ಲಿ ಬಿ ಕೋಶ, ಟಿ ಕೋಶ ಎಂಬ ಎರಡು ಬಗೆಯ ಬಿಳಿ ಕಣಗಳಿವೆ. ಅವುಗಳಲ್ಲಿ ಈ ವೈರಸ್ಸಿಗೆ ಹೊಂದುವ ಕೆಲವೇ ಕೋಶಗಳನ್ನು ದೇಹ ಆರಿಸಿ ಬೆಳೆಸುತ್ತದೆ. ಜ್ವರದಲ್ಲಿ ಕುತ್ತಿಗೆ, ಕಂಕುಳಲ್ಲಿ ಗಂಟು ಕೈಗೆ ಸಿಗುವುದು ಇದರಿಂದಲೇ. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಅವು ವೈರಸ್ಸಿಗೆ ಅಂಟಿಕೊಂಡು ಹೊಸ ಕೋಶಗಳೊಳಗೆ ಹೋಗದಂತೆ ತಡೆಯುತ್ತವೆ. ಟಿ ಕೋಶಗಳಲ್ಲಿ ಒಂದು ಬಗೆಯವು ವೈರಸ್ ಈಗಾಗಲೇ ಸೇರಿಕೊಂಡಿರುವ ಕೋಶಗಳನ್ನು ಹುಡುಕಿ ನಾಶಮಾಡುತ್ತವೆ. ಇಷ್ಟಾಗಲು ಒಂದು ವಾರದಿಂದ ಹತ್ತು ದಿನ ಬೇಕು, ಕೆಲವೊಮ್ಮೆ ಎರಡು ವಾರ. ಬಿತ್ತಿದ ಮೆಕ್ಕೆಜೋಳ ಮಾರನೆಯ ದಿನವೇ ತೆನೆ ಕಟ್ಟುವುದಿಲ್ಲ, ಇದೂ ಹಾಗೆ.

ಮೂರನೆಯದು ನೆನಪು. ಕಾಯಿಲೆ ವಾಸಿಯಾದ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ, ಕೆಲವು ಉಳಿಯುತ್ತವೆ. ಅದೇ ವೈರಸ್ ಮತ್ತೆ ಬಂದರೆ ಅವು ವಾರ ಕಾಯುವುದಿಲ್ಲ, ಮೂರು ನಾಲ್ಕು ದಿನಗಳಲ್ಲೇ ಎದ್ದು ನಿಲ್ಲುತ್ತವೆ.

ಲಸಿಕೆ ಮಾಡುವುದೂ ಇದನ್ನೇ, ಕಾಯಿಲೆಯ ಕಷ್ಟವೊಂದನ್ನು ಬಿಟ್ಟು. ದಡಾರದ ಲಸಿಕೆ, ಪೋಲಿಯೊ ಹನಿ, ರೋಟಾ ಲಸಿಕೆಗಳಲ್ಲಿ ಇರುವುದು ಬಲಗುಂದಿಸಿದ ವೈರಸ್. ಪೋಲಿಯೊ ಇಂಜೆಕ್ಷನ್, ಹುಚ್ಚುನಾಯಿ ಕಡಿತದ ಇಂಜೆಕ್ಷನ್‌ನಲ್ಲಿ ಸತ್ತ ವೈರಸ್. ಹೆಪಟೈಟಿಸ್ ಬಿ ಲಸಿಕೆಯಲ್ಲಿ ವೈರಸ್ಸಿನ ಹೊರಮೈಯ ಒಂದು ಪ್ರೋಟೀನ್ ಮಾತ್ರ. ಸತ್ತ ವೈರಸ್ಸಿನ ಲಸಿಕೆ ಒಂದೇ ಸಲಕ್ಕೆ ಗಟ್ಟಿ ನೆನಪು ಉಳಿಸುವುದಿಲ್ಲ. ಮೊದಲ ಡೋಸಿನಲ್ಲಿ ಕಲಿತ ಕೋಶಗಳು ಕೆಲವು ವಾರ ಪಳಗಬೇಕು, ಆಮೇಲೆ ಬಂದ ಡೋಸು ಅವನ್ನು ಹೆಚ್ಚಿಸಬೇಕು. ಡೋಸುಗಳ ನಡುವೆ ಅಂತರ ಇಡುವುದು ಇದಕ್ಕೇ.

ಇಷ್ಟು ತಿಳಿದುಕೊಂಡು ಮುಂದಿನದನ್ನು ಪಾಲಿಸಿ.

1. ಜ್ವರ ಬಂದಾಗ

ಮಾಡಬೇಕಾದ್ದು

ಜ್ವರ ಶುರುವಾದ ದಿನವನ್ನು ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೂ ಸಾಕು. ಯಾವ ರಕ್ತಪರೀಕ್ಷೆ ಮಾಡಬೇಕು, ಅಪಾಯದ ದಿನ ಯಾವುದು ಎಂದು ವೈದ್ಯರು ನಿರ್ಧರಿಸುವುದು ಈ ದಿನದ ಮೇಲೆ. ಡೆಂಗಿಯಲ್ಲಿ ಮೊದಲ ಐದು ದಿನ ಎನ್‌ಎಸ್1 ಪರೀಕ್ಷೆ ವೈರಸ್ಸಿನ ಅಂಶವನ್ನೇ ತೋರಿಸುತ್ತದೆ. ಐದು ದಿನ ಕಳೆದ ಮೇಲೆ ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆ ಬೇಕು. ಎರಡನೇ ದಿನವೇ ಪ್ರತಿಕಾಯ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ದೇಹ ಅದನ್ನು ಇನ್ನೂ ತಯಾರಿಸಿರುವುದಿಲ್ಲ.

ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಿ. ಎದೆಹಾಲು ಕುಡಿಯುವ ಮಗುವಿಗೆ ಹೆಚ್ಚು ಸಲ ಹಾಲೂಡಿಸಿ. ಮೈ ಬಿಸಿ ಒಂದೊಂದು ಡಿಗ್ರಿ ಏರಿದಂತೆಲ್ಲ ನೀರಿನ ಖರ್ಚು ಏರುತ್ತದೆ.

ಜ್ವರ, ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಕೊಡಿ. ಮಕ್ಕಳಿಗೆ ತೂಕಕ್ಕೆ ತಕ್ಕಷ್ಟು, ವೈದ್ಯರು ಅಥವಾ ಆರೋಗ್ಯ ಸಹಾಯಕಿಯರು ಹೇಳಿದಷ್ಟೇ ಕೊಡಿ.

ಮಾಡಬಾರದ್ದು

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ನುಂಗಬೇಡಿ, ಡೈಕ್ಲೊಫೆನಾಕ್ ಸೂಜಿ ಚುಚ್ಚಿಸಿಕೊಳ್ಳಬೇಡಿ. ಜ್ವರ ಡೆಂಗಿಯದಾಗಿದ್ದರೆ ಇವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ಆಂಟಿಬಯೋಟಿಕ್ ಕೇಳಿ ತೆಗೆದುಕೊಳ್ಳಬೇಡಿ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಮುಟ್ಟುವುದೂ ಇಲ್ಲ. ಔಷಧಿ ಅಂಗಡಿಯವರೇ, ಚೀಟಿ ಇಲ್ಲದೆ ಕೊಡಬೇಡಿ.

ಒಂದೇ ದಿನದಲ್ಲಿ ಜ್ವರ ಇಳಿಸುತ್ತೇವೆ ಎನ್ನುವವರ ಹತ್ತಿರ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಳ್ಳಬೇಡಿ. ಸ್ಟೀರಾಯ್ಡ್ ಜ್ವರವನ್ನು ಮರೆಮಾಡುತ್ತದೆ, ವೈರಸ್ಸನ್ನು ಎದುರಿಸುತ್ತಿರುವ ಕೋಶಗಳನ್ನೂ ಅಡಗಿಸುತ್ತದೆ. ರೋಗಿಗೆ ಹಿತವೆನಿಸುವ ಆ ಎರಡು ದಿನಗಳಲ್ಲೇ ಕಾಯಿಲೆ ಒಳಗೆ ಬಲಿಯುತ್ತದೆ. ಯಾವ ಕಾಯಿಲೆಗೆ ಸ್ಟೀರಾಯ್ಡ್ ಬೇಕು, ಯಾವಾಗ ಬೇಕು ಎಂಬುದನ್ನು ಓದಿದ ವೈದ್ಯರು ಹೇಳಲಿ.

ಕಾರಣವಿಲ್ಲದೆ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳಬೇಡಿ. ಬಾಯಿಂದ ಕುಡಿಯಲು ಆಗುವವರಿಗೆ ಬಾಯಿಂದ ಹೋದ ನೀರೇ ಸಾಕು.

2. ಡೆಂಗಿ: ಜಗಳೂರಿನ ಡ್ರಮ್ಮು, ಚನ್ನಗಿರಿಯ ಹಾಳೆ

ಜಗಳೂರು ಬರದ ಸೀಮೆ. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ಮು, ತೊಟ್ಟಿ, ಕೊಡ ಎಲ್ಲವನ್ನೂ ತುಂಬಿಟ್ಟುಕೊಳ್ಳುವುದು ಅಲ್ಲಿ ಅನಿವಾರ್ಯ. ಚನ್ನಗಿರಿ ಅಡಿಕೆಯ ಸೀಮೆ. ತೋಟದಲ್ಲಿ ಬಿದ್ದ ಹಾಳೆಯ ಬೊಗಸೆಯಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರನ್ನು ಹುಡುಕುವುದಿಲ್ಲ. ಇಂಥ ನಿಂತ ತಿಳಿನೀರೇ ಅದಕ್ಕೆ ಬೇಕು. ಕಚ್ಚುವುದು ಹಗಲಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದರೆ ಅದೊಂದರಿಂದ ಮಾತ್ರ ಬಹುಕಾಲ ರಕ್ಷಣೆ. ಮುಂದೆ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳು ಅದಕ್ಕೆ ಅರೆಬರೆಯಾಗಿ ಅಂಟಿಕೊಳ್ಳುತ್ತವೆ. ವೈರಸ್ ಸಾಯುವುದಿಲ್ಲ, ಬದಲಾಗಿ ಬಿಳಿ ಕಣಗಳೊಳಗೆ ನುಗ್ಗಲು ಅದಕ್ಕೆ ಇನ್ನೂ ಸುಲಭವಾಗುತ್ತದೆ. ಎರಡನೇ ಸಲದ ಡೆಂಗಿ ಹೆಚ್ಚು ಅಪಾಯಕಾರಿಯಾಗಲು ಇದು ಮುಖ್ಯ ಕಾರಣ.

ಮಾಡಬೇಕಾದ್ದು

ವಾರದಲ್ಲಿ ಒಂದು ದಿನ ಎಲ್ಲ ಪಾತ್ರೆಗಳನ್ನು ಪೂರ್ತಿ ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರು ಅಥವಾ ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ. ಉಜ್ಜುವುದನ್ನು ಬಿಡಬೇಡಿ. ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ನೀರು ಚೆಲ್ಲಿ ಮತ್ತೆ ತುಂಬಿಸಿದರೆ ಮೊಟ್ಟೆ ಒಡೆಯುತ್ತದೆ. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಬಟ್ಟೆ ಬಿಗಿದು ಮುಚ್ಚಿ.

ತೋಟದಲ್ಲಿ ಬಿದ್ದ ಹಾಳೆಗಳನ್ನು ಪ್ರತಿ ವಾರ ಒಟ್ಟುಮಾಡಿ ಬೋರಲು ಹಾಕಿ, ಇಲ್ಲವೇ ತಟ್ಟೆ ಮಾಡುವವರಿಗೆ ಕೊಟ್ಟುಬಿಡಿ. ಹಳೇ ಟೈರು, ಒಡೆದ ಬಕೆಟ್ಟು, ಬಳಸದ ಒರಳುಕಲ್ಲಿನ ಗುಂಡಿಯಲ್ಲಿ ನೀರು ನಿಲ್ಲಲು ಬಿಡಬೇಡಿ.

ಡೆಂಗಿ ಎಂದು ಗೊತ್ತಾದವರನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಮನೆಯ ಉಳಿದವರಿಗೆ ರೋಗ ತರುತ್ತದೆ.

ಮೂರನೇ ದಿನದಿಂದ ಏಳನೇ ದಿನದವರೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ವೈರಸ್ ಕಡಿಮೆಯಾಗಿರುತ್ತದೆ. ಆದರೆ ದೇಹದ ಪ್ರತಿಕ್ರಿಯೆ ಅತಿಯಾಗಿ ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗಬಹುದು. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ವಿಪರೀತ ಸುಸ್ತು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮಾಡಬಾರದ್ದು

ಜ್ವರ ಬಿಟ್ಟಿತು ಎಂದು ಹೊಲಕ್ಕೆ, ಶಾಲೆಗೆ ಕಳಿಸಬೇಡಿ. ಪಪ್ಪಾಯಿ ಎಲೆಯ ರಸ ಕುಡಿಸಿದ್ದೇವೆ ಎಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ. ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ನೋಡುತ್ತ ಕೂರಬೇಡಿ, ಸೋರಿಹೋಗುವ ನೀರಿನಂಶವೂ ಜೀವ ತೆಗೆಯುತ್ತದೆ. ಮನೆಗೆ ಬಂದ ಆಶಾ ಕಾರ್ಯಕರ್ತೆಗೆ ತೊಟ್ಟಿ ತೋರಿಸಲು ಬೇಸರಪಡಬೇಡಿ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ಅಂಗಡಿಗಳಿಗೂ ದಂಡದ ನಿಯಮ ತಂದಿದೆ.

3. ಮಕ್ಕಳ ಲಸಿಕೆ

ಲೆಕ್ಕ ಹೀಗಿದೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್, ಪೋಲಿಯೊ ಹನಿ, ರೋಟಾ. 6 ಮತ್ತು 14ನೇ ವಾರಗಳಲ್ಲಿ ಇವುಗಳ ಜೊತೆಗೆ ಪೋಲಿಯೊ ಇಂಜೆಕ್ಷನ್ ಮತ್ತು ನ್ಯುಮೋನಿಯಾ ತಡೆಯುವ ಲಸಿಕೆ. 9 ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ ಲಸಿಕೆ, ಪೋಲಿಯೊ ಇಂಜೆಕ್ಷನ್‌ನ ಮೂರನೇ ಡೋಸು, ನ್ಯುಮೋನಿಯಾ ಲಸಿಕೆಯ ವರ್ಧಕ, ವಿಟಮಿನ್ ಎ. 16ರಿಂದ 24 ತಿಂಗಳೊಳಗೆ ದಡಾರ–ರುಬೆಲ್ಲಾ ಎರಡನೇ ಡೋಸು, ಡಿಪಿಟಿ ಮತ್ತು ಪೋಲಿಯೊ ವರ್ಧಕ. ಮೆದುಳು ಜ್ವರದ ಲಸಿಕೆ ಕೊಡುವ ಜಿಲ್ಲೆಗಳಲ್ಲಿ ನಮ್ಮ ದಾವಣಗೆರೆಯೂ ಸೇರಿದೆ. ಅದರ ಎರಡು ಡೋಸುಗಳೂ ಇವೇ 9 ಮತ್ತು 16–24 ತಿಂಗಳ ಭೇಟಿಗಳಲ್ಲಿ ಸಿಗುತ್ತವೆ. 5–6ನೇ ವಯಸ್ಸಿನಲ್ಲಿ ಡಿಪಿಟಿ, 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ.

ಮಾಡಬೇಕಾದ್ದು

ಹೆಪಟೈಟಿಸ್ ಬಿ ಮೊದಲ ಡೋಸನ್ನು ಹೆರಿಗೆಯಾದ ಆಸ್ಪತ್ರೆಯಲ್ಲೇ ಕೇಳಿ ಹಾಕಿಸಿ. ದೊಡ್ಡವರಿಗೆ ಈ ವೈರಸ್ ತಗುಲಿದರೆ ಹೆಚ್ಚಿನವರ ದೇಹ ಅದನ್ನು ತೊಲಗಿಸುತ್ತದೆ. ಹುಟ್ಟುವಾಗಲೇ ತಗುಲಿದ ಮಕ್ಕಳಲ್ಲಿ ಸುಮಾರು ನೂರಕ್ಕೆ ತೊಂಬತ್ತರಷ್ಟು ಮಂದಿಯಲ್ಲಿ ಅದು ಜೀವನವಿಡೀ ಉಳಿದು, ಮುಂದೆ ಯಕೃತ್ತನ್ನು ಹಾಳುಮಾಡುತ್ತದೆ. ಎಳೆಯ ದೇಹಕ್ಕೆ ಆ ವೈರಸ್ಸನ್ನು ಓಡಿಸಲು ಇನ್ನೂ ಬರುವುದಿಲ್ಲ.

9 ತಿಂಗಳ ಲಸಿಕೆಯನ್ನು 9 ತಿಂಗಳು ತುಂಬಿದ ಕೂಡಲೇ ಹಾಕಿಸಿ. ಅದಕ್ಕೂ ಮೊದಲು ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿದ್ದು ಲಸಿಕೆಯ ವೈರಸ್ಸನ್ನೇ ತಡೆದುಬಿಡುತ್ತವೆ. ಅವು ಕರಗಿದ ಮೇಲೆ ಮಗುವಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಆ ಸಂಧಿಕಾಲದಲ್ಲೇ ಲಸಿಕೆ ಬೀಳಬೇಕು.

ಎರಡನೇ ಡೋಸು ತಪ್ಪಿಸಬೇಡಿ. 9ನೇ ತಿಂಗಳಲ್ಲಿ ಹಾಕಿದ ಒಂದು ಡೋಸು ದಡಾರದಿಂದ ಸುಮಾರು ನೂರಕ್ಕೆ 85 ಮಕ್ಕಳನ್ನಷ್ಟೇ ಕಾಯುತ್ತದೆ. ಎರಡೂ ಆದರೆ 95ಕ್ಕಿಂತ ಹೆಚ್ಚು.

ಲಸಿಕಾ ದಿನ ಅಂಗನವಾಡಿಗೆ ಹೊತ್ತಿಗೆ ಸರಿಯಾಗಿ ಬನ್ನಿ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಕಾಪಾಡಿ ಊರಿಗೆ ತಂದಿರುತ್ತಾರೆ. ದಡಾರದ ಲಸಿಕೆಯ ಸೀಸೆಯನ್ನು ಕಲಸಿದ ಮೇಲೆ ನಾಲ್ಕೇ ಗಂಟೆಯೊಳಗೆ ಬಳಸಬೇಕು, ಮಿಕ್ಕಿದ್ದನ್ನು ಚೆಲ್ಲಬೇಕು. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಅಪರೂಪಕ್ಕೆ ಬರುವ ತೀವ್ರ ಅಲರ್ಜಿ ಬಂದರೆ ಆ ಹೊತ್ತಿನಲ್ಲೇ ಬರುತ್ತದೆ.

ಮಾಡಬಾರದ್ದು

ಸಣ್ಣ ನೆಗಡಿ, ಕೆಮ್ಮು, ಭೇದಿ ಇದೆ ಎಂದು ಲಸಿಕೆ ಮುಂದೂಡಬೇಡಿ. ಇವು ಲಸಿಕೆಗೆ ಅಡ್ಡಿಯಲ್ಲ. ಜೋರು ಜ್ವರವಿದ್ದರೆ ಆರೋಗ್ಯ ಸಹಾಯಕಿಯರನ್ನು ಕೇಳಿ.

ಪೆಂಟಾವೇಲೆಂಟ್ ಆದ ಸಂಜೆ ಮೈ ಬೆಚ್ಚಗಾಗಿ ತೊಡೆ ಊದಿಕೊಂಡರೆ ಹೆದರಿ ಮುಂದಿನ ಡೋಸು ನಿಲ್ಲಿಸಬೇಡಿ. ಮೇಲೆ ಹೇಳಿದ ಮೊದಲ ಹಂತವೇ ಅದು, ದೇಹ ಲಸಿಕೆಯನ್ನು ಗುರುತಿಸಿದ್ದರ ಲಕ್ಷಣ. ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಹಾಗೆಯೇ ಮೈ ಬೆಚ್ಚಗಾಗಲಿಲ್ಲವೆಂದರೆ ಲಸಿಕೆ ಕೆಲಸ ಮಾಡಲಿಲ್ಲ ಎಂದೂ ಅಲ್ಲ.

ಚುಚ್ಚಿದ ಜಾಗವನ್ನು ಉಜ್ಜಬೇಡಿ, ಎಣ್ಣೆ, ಅರಿಶಿನ ಹಚ್ಚಬೇಡಿ, ಬಿಸಿ ಶಾಖ ಕೊಡಬೇಡಿ.

ಡೋಸು ತಪ್ಪಿದೆ, ಇನ್ನು ಉಪಯೋಗವಿಲ್ಲ ಎಂದು ಸುಮ್ಮನಾಗಬೇಡಿ. ಮೊದಲಿಂದ ಶುರುಮಾಡುವ ಅಗತ್ಯವೂ ಇಲ್ಲ. ಹಿಂದಿನ ಡೋಸಿನ ನೆನಪು ದೇಹದಲ್ಲಿ ಉಳಿದಿರುತ್ತದೆ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರ–ರುಬೆಲ್ಲಾ ಲಸಿಕೆ ತಪ್ಪಿದ್ದರೆ ಐದು ವರ್ಷ ತುಂಬುವವರೆಗೂ ಸರ್ಕಾರದ ಲಸಿಕಾ ಕೇಂದ್ರದಲ್ಲಿ ಹಾಕುತ್ತಾರೆ.

ಪೋಲಿಯೊ ಹೋಗಿದೆಯಲ್ಲ ಎಂದು ಹನಿ ಬಿಡಬೇಡಿ. ದೇಶದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡಿತು, 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಆ ವೈರಸ್ ನೆರೆಯ ದೇಶಗಳಲ್ಲಿ ಇನ್ನೂ ಇದೆ. ಹನಿ ಕರುಳಿನಲ್ಲೇ ರಕ್ಷಣೆ ಬೆಳೆಸಿ ವೈರಸ್ ಹರಡುವುದನ್ನು ತಡೆಯುತ್ತದೆ, ಇಂಜೆಕ್ಷನ್ ರಕ್ತದಲ್ಲಿ ರಕ್ಷಣೆ ಬೆಳೆಸಿ ಅಂಗವಿಕಲತೆ ತಡೆಯುತ್ತದೆ. ಎರಡೂ ಬೇಕು.

4. ಗುಳೆ ಹೋಗುವ ಮನೆಗಳು

ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ತಾಂಡಾಗಳಿಂದಲೂ ಬೇರೆ ಹಳ್ಳಿಗಳಿಂದಲೂ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಮಕ್ಕಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ದೂರ ಹೋಗುವ ಕುಟುಂಬಗಳಿವೆ. ಡೋಸು ತಪ್ಪುವುದು ಹೆಚ್ಚಾಗಿ ಇವರ ಮಕ್ಕಳಿಗೆ.

ಮಾಡಬೇಕಾದ್ದು

ಹೊರಡುವ ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ, ಬಾಕಿ ಇರುವ ಡೋಸಿಗೆ ಕನಿಷ್ಠ ಅಂತರ ಮುಗಿದಿದ್ದರೆ ಹಾಕಿಸಿಕೊಂಡೇ ಹೊರಡಿ. ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೊತೆಗೆ ಒಯ್ಯಿರಿ, ಅದರ ಫೋಟೋ ಮೊಬೈಲಿನಲ್ಲೂ ಇರಲಿ. ಹೋದ ಊರಿನ ಅಂಗನವಾಡಿಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಕೇಳಿ. ಯಾವ ರಾಜ್ಯದಲ್ಲಾದರೂ ಅದು ಉಚಿತ, ನಿಮ್ಮ ಹಕ್ಕು. ಸರ್ಕಾರದ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಹೆಸರು ಬರೆಸಿದ್ದರೆ ಬೇರೆ ಊರಿನವರೂ ಮಗುವಿನ ಲೆಕ್ಕ ನೋಡಬಲ್ಲರು.

ಮಾಡಬಾರದ್ದು

ಊರಿಗೆ ಬಂದ ಮೇಲೆ ನೋಡೋಣ ಎನ್ನಬೇಡಿ. ಗುಡಿಸಲುಗಳು ಒತ್ತೊತ್ತಾಗಿರುವ ಕಬ್ಬಿನ ಅಡ್ಡೆಯಲ್ಲೇ ದಡಾರ ಬೇಗ ಹರಡುವುದು. ಕಾರ್ಡು ಕಳೆದಿದೆ ಎಂದು ಲಸಿಕೆ ಬಿಡಬೇಡಿ, ಕಾರ್ಡಿಲ್ಲದೆಯೂ ಹಾಕುತ್ತಾರೆ. ಮೇಸ್ತ್ರಿಗಳೇ, ಲಸಿಕೆ ದಿನ ತಾಯಿಗೆ ಅರ್ಧ ದಿನ ಬಿಡುವು ಕೊಡಿ, ಕೂಲಿ ಹಿಡಿಯಬೇಡಿ.

5. ದಡಾರ, ಸೀತಾಳೆ ಸಿಡುಬು: ಅಮ್ಮ ಬಂದಾಗ

ದಡಾರದ ವೈರಸ್ ಗಾಳಿಯಲ್ಲಿ ಹರಡುತ್ತದೆ. ರೋಗಿ ಎದ್ದುಹೋದ ಕೋಣೆಯಲ್ಲಿ ಎರಡು ಗಂಟೆಯವರೆಗೂ ಇರಬಲ್ಲದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಜನಕ್ಕೆ ಹರಡುತ್ತದೆ. ಮೈಮೇಲೆ ಕೆಂಪು ಗಂಧೆ ಏಳುವುದು ಟಿ ಕೋಶಗಳು ವೈರಸ್ ಸೇರಿದ ಚರ್ಮದ ಕೋಶಗಳ ಮೇಲೆ ಎರಗಿದಾಗ. ಅಷ್ಟರಲ್ಲಿ, ಗಂಧೆ ಕಾಣುವ ನಾಲ್ಕು ದಿನ ಮೊದಲಿನಿಂದಲೇ, ಮಗು ಸುತ್ತಲಿನವರಿಗೆ ರೋಗ ಹರಡುತ್ತಿರುತ್ತದೆ.

ದಡಾರದ ದೊಡ್ಡ ಕೇಡು ಇನ್ನೊಂದಿದೆ. ಅದು ನೆನಪಿನ ಕೋಶಗಳನ್ನೇ ಹೊಕ್ಕು ಕೊಲ್ಲುತ್ತದೆ. ನೆದರ್ಲೆಂಡ್ಸಿನಲ್ಲಿ ಲಸಿಕೆ ಹಾಕಿಸಿಕೊಳ್ಳದ ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ಆಮೇಲೆ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಿಂದೆ ಬಂದುಹೋದ ಬೇರೆ ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿದ್ದವು. ದಡಾರ ಬಂದು ಹೋದ ಮಗು ತಿಂಗಳುಗಟ್ಟಲೆ ನ್ಯುಮೋನಿಯಾಕ್ಕೆ, ಭೇದಿಗೆ ಈಡಾಗುವುದು ಇದರಿಂದ. ಮಕ್ಕಳಿಗೆ ಒಮ್ಮೆ ದಡಾರ ಬಂದುಹೋದರೆ ಒಳ್ಳೆಯದು ಎಂಬ ಮಾತು ಪೂರಾ ತಪ್ಪು.

ಮಾಡಬೇಕಾದ್ದು

ಜ್ವರದ ಜೊತೆ ಗಂಧೆ ಎದ್ದರೆ ಆಶಾ ಕಾರ್ಯಕರ್ತೆಗೆ ಅದೇ ದಿನ ತಿಳಿಸಿ. ವೈದ್ಯರು ಹೇಳಿದಂತೆ ವಿಟಮಿನ್ ಎ ಕೊಡಿಸಿ. ಕಣ್ಣು ಕುರುಡಾಗುವುದನ್ನೂ ಸಾವನ್ನೂ ಅದು ಕಡಿಮೆ ಮಾಡುತ್ತದೆ. ಗಂಧೆ ಎದ್ದ ಮೇಲೆ ನಾಲ್ಕು ದಿನ ಮಗುವನ್ನು ಬೇರೆ ಮಕ್ಕಳಿಂದ ದೂರವಿಡಿ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಮ್ಮನಿಗೆ ಹರಕೆ ಹೊತ್ತುಕೊಳ್ಳಿ. ಅದರ ಜೊತೆಗೆ ಆಸ್ಪತ್ರೆಗೂ ಹೋಗಿ. ಸಿಡುಬನ್ನು ಅಮ್ಮ ಎಂದು ಪೂಜಿಸಿದ ಇದೇ ಜನ ಸಿಡುಬಿನ ಲಸಿಕೆಗೂ ತೋಳು ಚಾಚಿದರು. ಹಿರಿಯರ ತೋಳಿನ ದುಂಡು ಕಲೆ ಅದರದ್ದೇ. 1980ರ ಮೇ 8ರಂದು ಸಿಡುಬು ಲೋಕದಿಂದಲೇ ಅಳಿಯಿತೆಂದು ಘೋಷಣೆಯಾಯಿತು.

ಮಾಡಬಾರದ್ದು

ಅಮ್ಮ ಬಂದ ಮಗುವಿಗೆ ಊಟ, ನೀರು, ಎದೆಹಾಲು ನಿಲ್ಲಿಸಬೇಡಿ. ಜಾತ್ರೆ, ಮದುವೆ, ಸಂತೆಗೆ ಎತ್ತಿಕೊಂಡು ಹೋಗಬೇಡಿ. ಬಸುರಿಯರನ್ನು ರೋಗಿಯ ಹತ್ತಿರ ಬಿಡಬೇಡಿ. ಸೀತಾಳೆ ಸಿಡುಬಿನ ಮಗುವಿಗೆ ಆಸ್ಪಿರಿನ್ ಕೊಡಬೇಡಿ.

6. ನಾಯಿ ಕಚ್ಚಿದರೆ

ಇಲ್ಲಿ ದಿನಗಳ ಲೆಕ್ಕ ಜೀವ ಸಾವಿನ ಲೆಕ್ಕ. ಹುಚ್ಚುನಾಯಿ ರೋಗ ತರುವ ರೇಬೀಸ್ ವೈರಸ್ ಗಾಯದಿಂದ ನರದೊಳಗೆ ಸೇರಿ, ನರದುದ್ದಕ್ಕೂ ಮೆದುಳಿನತ್ತ ಸಾಗುತ್ತದೆ. ನರದೊಳಗೆ ಸೇರಿದ ವೈರಸ್ಸನ್ನು ರಕ್ತದಲ್ಲಿರುವ ರಕ್ಷಣೆ ಕಾಣದು. ಮೆದುಳು ಮುಟ್ಟಿದ ಮೇಲೆ ಬದುಕಿದವರು ಬೆರಳೆಣಿಕೆಯಷ್ಟು. ಲಸಿಕೆ ಹಾಕಿದರೆ ಪ್ರತಿಕಾಯ ಹುಟ್ಟಲು ಏಳರಿಂದ ಹದಿನಾಲ್ಕು ದಿನ ಬೇಕು. ವೈರಸ್ ಮೆದುಳು ಮುಟ್ಟುವ ಮೊದಲು ಆ ದಿನಗಳು ಕಳೆಯಬೇಕು.

ಮಾಡಬೇಕಾದ್ದು

ಗಾಯವನ್ನು ತಕ್ಷಣ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಬೋರ್‌ವೆಲ್ ಪೈಪಿನ ಕೆಳಗೆ ಹಿಡಿದರೂ ಆಯಿತು. ಸೋಪು ಈ ವೈರಸ್ಸಿನ ಹೊರಪದರವನ್ನು ಒಡೆಯುತ್ತದೆ.

ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7, 28ನೇ ದಿನ ಲಸಿಕೆ. ಮಾಂಸಖಂಡಕ್ಕೆ ಹಾಕುವ ಕ್ರಮದಲ್ಲಿ 0, 3, 7, 14, 28ನೇ ದಿನ. ಮೊದಲ ಸೂಜಿಯ ದಿನವೇ 0 ದಿನ.

ರಕ್ತ ಬಂದ ಗಾಯವಾದರೆ, ನೆಕ್ಕಿದ ಜೊಲ್ಲು ಬಾಯಿ, ಕಣ್ಣಿಗೆ ತಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ವೈದ್ಯರನ್ನು ಕೇಳಿ. ಇದು ಸಿದ್ಧ ಪ್ರತಿಕಾಯ. ನಮ್ಮ ದೇಹ ತನ್ನದನ್ನು ತಯಾರಿಸಿಕೊಳ್ಳುವವರೆಗೆ ಗಾಯದಲ್ಲೇ ನಿಂತು ವೈರಸ್ಸನ್ನು ತಡೆಯುತ್ತದೆ. ಮೊದಲ ಲಸಿಕೆಯ ಏಳು ದಿನದೊಳಗೆ ಮಾತ್ರ ಇದನ್ನು ಕೊಡಬಹುದು.

ಹಿಂದೆ ಪೂರ್ತಿ ಲಸಿಕೆ ಹಾಕಿಸಿಕೊಂಡವರು ಆ ಚೀಟಿಯನ್ನು ಜೋಪಾನವಾಗಿಡಿ. ಮತ್ತೆ ನಾಯಿ ಕಚ್ಚಿದರೆ ಅವರಿಗೆ 0 ಮತ್ತು 3ನೇ ದಿನದ ಎರಡೇ ಡೋಸು ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಡ. ನೆನಪಿನ ಕೋಶಗಳಿಗೆ ಇರುವ ಬಲಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಾಡಬಾರದ್ದು

ಗಾಯಕ್ಕೆ ಖಾರದ ಪುಡಿ, ಸುಣ್ಣ, ಅರಿಶಿನ, ಕಾಫಿ ಪುಡಿ, ಸೀಮೆಎಣ್ಣೆ ಹಾಕಬೇಡಿ. ತೊಳೆಯದೆ ಬಟ್ಟೆ ಸುತ್ತಬೇಡಿ. ನಾಯಿ ಸಾಯುತ್ತದೆಯೋ ಇಲ್ಲವೋ ಎಂದು ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸೋಣ ಎನ್ನಬೇಡಿ. ಮೊದಲು ಲಸಿಕೆ ಶುರುವಾಗಲಿ. ಸಾಕಿದ ನಾಯಿ, ಮರಿ, ಗೀರಿದ್ದು ಅಷ್ಟೇ ಎಂದು ಬಿಡಬೇಡಿ. ಎರಡು ಸೂಜಿಗೆ ನಿಲ್ಲಿಸಬೇಡಿ. ಮಂತ್ರ, ತಾಯತವನ್ನೇ ನಂಬಿ ಕೂರಬೇಡಿ.

ಜೊಲ್ಲು ಸುರಿಸುತ್ತ, ಮೇವು ನುಂಗಲಾಗದೆ ಒದ್ದಾಡುವ ಎಮ್ಮೆ, ದನದ ಬಾಯಿಗೆ ಕೈ ಹಾಕಬೇಡಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಕಂಡರೂ ಅದು ರೇಬೀಸ್ ಇರಬಹುದು. ಪಶುವೈದ್ಯರನ್ನು ಕರೆಸಿ. ಅಂಥ ದನದ ಹಾಲು ಬಳಸಬೇಡಿ.

7. ಮಲೆನಾಡಿಗೆ ಕೆಲಸಕ್ಕೆ ಹೋಗುವವರು

ಅಡಿಕೆ ಕೊಯ್ಲಿಗೆ, ಕಾಡಿನ ಕೆಲಸಕ್ಕೆ ಶಿವಮೊಗ್ಗ, ಚಿಕ್ಕಮಗಳೂರು ಕಡೆ ಹೋಗುವವರು ಮಂಗನ ಕಾಯಿಲೆಯನ್ನು ತಿಳಿದಿರಬೇಕು. ಈ ವೈರಸ್ಸನ್ನು ಲೋಕ ಮೊದಲು ಕಂಡದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಕಚ್ಚಿ ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಹಳೆಯ ಲಸಿಕೆಯನ್ನು 2005–2010ರ ಅವಧಿಗೆ ಅಳೆದು ನೋಡಿದಾಗ ಎರಡು ಡೋಸಿಗೆ ನೂರಕ್ಕೆ 62ರಷ್ಟು, ವರ್ಧಕವೂ ಸೇರಿದರೆ 83ರಷ್ಟು ರಕ್ಷಣೆ ಕಂಡಿತ್ತು. ಅದರ ನೆನಪು ಬೇಗ ಮಾಸುತ್ತಿದ್ದುದರಿಂದ ವರ್ಷ ವರ್ಷವೂ ವರ್ಧಕ ಬೇಕಿತ್ತು. ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ, ಹೊಸ ಲಸಿಕೆಯ ಕೆಲಸ ನಡೆದಿದೆ.

ಮಾಡಬೇಕಾದ್ದು

ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು ಕಾಡಿಗೆ ಹೋಗಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಎಲ್ಲಿ ಕೆಲಸಕ್ಕಿದ್ದಿರಿ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಮಾಡಬಾರದ್ದು

ಸತ್ತ ಮಂಗ ಬಿದ್ದ ಕಡೆ ಹೋಗಬೇಡಿ, ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮೈಗೆ ಅಂಟಿದ ಉಣ್ಣೆಯನ್ನು ಉಗುರಿನಿಂದ ಹೊಸಕಬೇಡಿ. ಜ್ವರ ಒಮ್ಮೆ ಬಿಟ್ಟಿತೆಂದು ಮರೆಯಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ತಲೆನೋವು, ನಡುಕದೊಂದಿಗೆ ಮರಳಿ ಬರುತ್ತದೆ.

8. ತಡಮಾಡದೆ ಹೊರಡಬೇಕಾದ ಹೊತ್ತು

ಉಸಿರಾಟ ಬಿರುಸಾಗಿ ಮಗುವಿನ ಎದೆ ಒಳಗೆಳೆದುಕೊಂಡರೆ, ಫಿಟ್ಸ್ ಬಂದರೆ, ಕತ್ತು ಸೆಟೆದರೆ, ಎಬ್ಬಿಸಿದರೂ ಏಳದಿದ್ದರೆ, ಏನನ್ನೂ ಕುಡಿಯದಿದ್ದರೆ, ಎಲ್ಲಿಂದಲಾದರೂ ರಕ್ತ ಬಂದರೆ, ಎರಡು ತಿಂಗಳೊಳಗಿನ ಕೂಸಿಗೆ ಯಾವ ಜ್ವರ ಬಂದರೂ 108ಕ್ಕೆ ಫೋನ್ ಮಾಡಿ. ಸಲಹೆ ಬೇಕಿದ್ದರೆ 104. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಿಂದ ಮುಂದೆ ಕಳಿಸಿದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತಡವಿಲ್ಲದೆ ಹೋಗಿ. ಜ್ವರ ಶುರುವಾದ ದಿನ ಬರೆದ ಚೀಟಿ, ಕೊಟ್ಟ ಮಾತ್ರೆಗಳ ಹಾಳೆ, ತಾಯಿ ಕಾರ್ಡು ಜೊತೆಗಿರಲಿ.

ಇವತ್ತೇ ಮಾಡಬೇಕಾದ್ದು ಮೂರು. ಮನೆಯ ಪ್ರತಿ ಮಗುವಿನ ತಾಯಿ ಕಾರ್ಡು ತೆಗೆದು ಯಾವ ಡೋಸು ಬಾಕಿ ಇದೆ ನೋಡಿ. ಓದಲು ಗೊತ್ತಾಗದಿದ್ದರೆ ಅಂಗನವಾಡಿಗೆ ಒಯ್ಯಿರಿ. ನೀರಿನ ಪಾತ್ರೆ ಉಜ್ಜುವ ವಾರದ ದಿನವನ್ನು ಗೊತ್ತುಮಾಡಿ, ಅಕ್ಕಪಕ್ಕದ ಮನೆಯವರೂ ಅದೇ ದಿನ ಉಜ್ಜುವಂತೆ ಮಾತಾಡಿಕೊಳ್ಳಿ, ಏಕೆಂದರೆ ಒಂದು ಮನೆಯ ಸೊಳ್ಳೆ ಇಡೀ ಓಣಿಗೆ ಹಾರುತ್ತದೆ. ನಾಯಿ ಕಚ್ಚಿ ಲಸಿಕೆ ಅರ್ಧಕ್ಕೆ ನಿಲ್ಲಿಸಿದವರು ಮನೆಯಲ್ಲಿದ್ದರೆ ನಾಳೆ ಬೆಳಿಗ್ಗೆಯೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.